ಮೊದಲ ಚಮಚ

ನಮ್ಮ ಕೆಳಗಿನ ಫ್ಲ್ಯಾಟಿನ ರಾಯಚೂರಿನ ಅಜ್ಜಿ, ಕೊಂಡಾಪುರದ ಕೊರಿಯನ್ ಸಂಘದಲ್ಲಿ ನನ್ನ ಜೊತೆ ಸ್ವಯಂಸೇವಕಿಯಾಗಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೌಟು ಹಿಡಿದರೆಂದರೆ ಅವರನ್ನು ಕೂರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಊಟಕ್ಕೆ ಕರೆದರೆ ಒಂದೇ ಮಾತು: “ನಂದೇನೈತ್ರಿ, ಆಮ್ಯಾಲೆ ನೋಡೋಣು.” ನನಗೆ ಸಿಟ್ಟೇ ಬರುತ್ತಿತ್ತು.

ಕೊರಿಯನ್ನರ ಹೊಸ ವರ್ಷದ ಊಟಕ್ಕೆ ಅಜ್ಜಿ ಎಲ್ಲರಿಗೂ ಬಡಿಸಿ ನಿಂತರು. ಯಾರೂ ಚಮಚ ಮುಟ್ಟಲಿಲ್ಲ. ಸಾರು ಆರತೊಡಗಿತು. ಅಜ್ಜಿಯ ಮುಖ ಸಣ್ಣದಾಯಿತು.

“ಯಾಕ, ಉಪ್ಪು ಹೆಚ್ಚಾತೇನು?” ಎಂದು ನನ್ನ ಕಿವಿಯಲ್ಲಿ ಕೇಳಿದರು.

ಸಂಘದ ಮುಖ್ಯಸ್ಥೆಯನ್ನು ವಿಚಾರಿಸಿ ಬಂದು ಹೇಳಿದೆ: “ಅಜ್ಜಿ, ಹಿರಿಯರು ಉಣ್ಣೂತನಕ ಅವ್ರು ಉಣ್ಣಂಗಿಲ್ಲಂತ. ಇಲ್ಲಿ ಎಲ್ಲಾರಕಿಂತ ಹಿರಿಯರು ನೀವ.”

“ಅಯ್ಯ, ಬಡಸಾಕಿ ಎಲ್ಲಾರಕಿಂತ ಮೊದ್ಲ ಉಣ್ತಾಳೇನು!”

ಸುತ್ತ ನೋಡಿದರು. ಎಲ್ಲರ ಕಣ್ಣೂ ಅವರ ಮೇಲೆಯೇ ಇತ್ತು. ಕೊನೆಗೆ ಸೌಟನ್ನು ನನ್ನ ಕೈಗಿತ್ತು, ಸೆರಗು ಸಡಿಲಿಸಿ ಹೊದ್ದು, ಕುರ್ಚಿಯ ತುದಿಯಲ್ಲಿ ಕೂತು ಒಂದು ಚಮಚ ಸಾರು ಕುಡಿದರು. ಮೇಜಿನುದ್ದಕ್ಕೂ ಚಮಚಗಳು ಮೇಲೆದ್ದವು.

“ಉಪ್ಪು ಬರೋಬ್ಬರಿ ಐತಿ, ಉಣ್ರಿ,” ಎಂದರು, ಉಪ್ಪು ನೋಡುವುದಕ್ಕೆಂದೇ ಕೂತವರ ಹಾಗೆ. ಆದರೆ ನನ್ನ ಕೈಯಲ್ಲಿದ್ದ ಸೌಟನ್ನು ಅವತ್ತು ವಾಪಸು ಕೇಳಲಿಲ್ಲ.