ಮೂರನೆಯ ಪೈಪಿನ ಬಾಣ

ಹಳೆಯ ಕಾಲದ ಮಳೆಯನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಯ ನೆಲಮಾಳಿಗೆಯಲ್ಲಿ, ತಣ್ಣಗೆ ಕೊರೆಯುವ ಉಗ್ರಾಣದಲ್ಲಿ, ಇಪ್ಪತ್ತೇಳು ವರ್ಷ ಕೆಲಸ ಮಾಡಿದ ಮನುಷ್ಯನಿಗೆ ಎಲ್ಲರೂ ಇಟ್ಟ ಹೆಸರು ಕೆಸರಪ್ಪ. ಹೆಸರಿಗೆ ತಕ್ಕಂತೆ ಅವನ ಆಸ್ತಿಯೆಲ್ಲ ಕೆಸರೇ. ಸರೋವರದ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರು, ಒಂದೊಂದು ಮೀಟರಿನ ಪೈಪುಗಳಲ್ಲಿ ಅವನ ಕಪಾಟು ಸೇರುತ್ತಿತ್ತು. ತಳದ ಕೆಸರು ಹಳೆಯದು, ಮೇಲಿನದು ಹೊಸದು. ಅದರ ಪದರಗಳನ್ನು ನೋಡಿ ಮೇಲಿನ ಮಹಡಿಯ ವಿಜ್ಞಾನಿಗಳು ಸಾವಿರಾರು ವರ್ಷಗಳ ಹಿಂದೆ ಯಾವಾಗ ಮಳೆ ಸುರಿಯಿತು, ಯಾವಾಗ ಬರ ಬಿತ್ತು ಎಂದು ಹೇಳುತ್ತಿದ್ದರು. ಪೈಪಿನ ಯಾವ ತುದಿ ಮೇಲಿನದು ಎಂದು ತಿಳಿಯಲು ಪ್ರತಿಯೊಂದರ ಮೇಲೂ ಒಂದು ಬಾಣದ ಗುರುತಿರುತ್ತಿತ್ತು.

ಆ ಬಾಣದ ವಿಷಯದಲ್ಲಿ ಕೆಸರಪ್ಪನ ಜಂಬ ಕೇಳಬೇಡಿ. ಯಾರಾದರೂ ಪೈಪನ್ನು ಕೊಂಚ ವಾಲಿಸಿ ಹಿಡಿದರೂ ಸಾಕು, ಕೋಪ ಮೂಗಿನ ತುದಿಗೆ ಬರುತ್ತಿತ್ತು. "ಏನ್ರೀ, ಕಣ್ಣು ಕಾಣ್ಸಲ್ವಾ? ಸಾವಿರ ವರ್ಷ ಉಲ್ಟಾ ಮಾಡ್ಬಿಟ್ಟೀರಾ!" ಮನೆಯಲ್ಲೂ ಅದೇ ಚಾಳಿ. ಹೆಂಡತಿ ಲೋಟ ತೊಳೆದು ಬೋರಲು ಹಾಕಿದರೆ ಇವನು ಎತ್ತಿ ನೆಟ್ಟಗಿಡುತ್ತಿದ್ದ. "ನೀರು ಸೋರೋದು ಬೇಡ್ವಾ, ಮಹಾರಾಯ?" ಎನ್ನುತ್ತ ಅವಳು ಮತ್ತೆ ಬೋರಲು ಹಾಕುತ್ತಿದ್ದಳು.

ಇಂಥವನು ಆರು ವರ್ಷದ ಹಿಂದೆ ಒಂದು ದಿನ ಕಪಾಟಿನ ಬೂಷ್ಟು ಒರೆಸುತ್ತಿದ್ದಾಗ ಮೂರನೆಯ ನಂಬರಿನ ಪೈಪು ಕೈಜಾರಿತು. ಎರಡೂ ಮುಚ್ಚಳ ಹಾರಿಹೋದವು. ಎತ್ತಿ ನೋಡಿದರೆ ಒದ್ದೆ ಬಟ್ಟೆಗೆ ಬಾಣವೂ ಅಳಿಸಿಹೋಗಿದೆ! ಕೆಸರು ತಂದವನನ್ನು ಕೇಳಿದ್ದರೆ ಹೇಳುತ್ತಿದ್ದನೇನೋ. ಆದರೆ ಅದೇ ಬೆಳಿಗ್ಗೆ, ಪೈಪು ಅಡ್ಡಾದಿಡ್ಡಿ ಹಿಡಿದೆ ಎಂದು ಅವನನ್ನು ಕೆಸರಪ್ಪ ನಾಲ್ಕು ಜನರ ಮುಂದೆ ತರಾಟೆಗೆ ತೆಗೆದುಕೊಂಡಿದ್ದ. ಈಗ ಯಾವ ಮುಖ ಹೊತ್ತು ಹೋಗುವುದು? ಎರಡೂ ತುದಿ ಮೂಸಿ ನೋಡಿದ. ಅಂದಾಜಿನ ಮೇಲೆ ಪೆನ್ನಿನಿಂದ ಬಾಣ ಬರೆದು ಮುಚ್ಚಳ ಹಾಕಿದ. ಆಮೇಲೆ ಮರೆತೂಬಿಟ್ಟ, ಪುಣ್ಯಾತ್ಮ. ಆ ಬಾಣವನ್ನು ನಂಬಿಯೇ ಮೇಲಿನವರು ಕೆಸರು ಕೊಯ್ದು ಪರೀಕ್ಷಿಸಿದರು.

ಮುಂದೆ ಆ ಮಹಡಿಗೆ ಒಬ್ಬ ಹುಡುಗಿ ಕೆಲಸಕ್ಕೆ ಬಂದಳು. ಗಾಳಿ, ಮೋಡ, ಸಮುದ್ರ ಎಲ್ಲವನ್ನೂ ಲೆಕ್ಕಕ್ಕಿಳಿಸಿ ಕಂಪ್ಯೂಟರಿನಲ್ಲಿ ಮಳೆ ಬರಿಸುವವಳು. ಕೆಸರಪ್ಪ ಅವಳಿಗೆ ಲೆಕ್ಕದಮ್ಮ ಎಂದು ಹೆಸರಿಟ್ಟ. ಅವಳ ಲೆಕ್ಕ ಮುಂದಿನ ಮಳೆ ಹೇಳಬೇಕಾದರೆ, ಹಿಂದಿನ ಮಳೆಯನ್ನು ಸರಿಯಾಗಿ ಹೇಳಿ ಮೊದಲು ಪಾಸಾಗಬೇಕು. ಸರಿಯುತ್ತರ ಇದ್ದದ್ದು ಕೆಸರಿನಲ್ಲಿ. ಬೇರೆಲ್ಲ ಕಡೆ ಪಾಸಾದ ಲೆಕ್ಕ ಮೂರನೆಯ ಪೈಪಿನಲ್ಲಿ ಮುಗ್ಗರಿಸಿತು. ಮೊದಲು ಮಳೆ, ಆಮೇಲೆ ಬರ ಎಂದಿತು ಲೆಕ್ಕ. ಮೊದಲು ಬರ, ಆಮೇಲೆ ಮಳೆ ಎಂದಿತು ಕೆಸರು.

ಅವಳು ಕೆಳಗಿಳಿದು ಬಂದಳು. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಈ ಪೈಪೇನಾದ್ರೂ ತಿರುಗುಮುರುಗಾಗಿದೆಯಾ?"

ಅವನಿಗೆ ಮೈಯೆಲ್ಲ ಉರಿಯಿತು. "ಇಪ್ಪತ್ತೇಳು ವರ್ಷ ಆಯ್ತು ತಾಯಿ, ಒಂದೇ ಒಂದು ಪೈಪು ತಿರುಗಿಲ್ಲ. ನಿಮ್ಮ ಲೆಕ್ಕ ನೀವು ನೋಡ್ಕೊಳ್ಳಿ. ನನ್ನ ಮಣ್ಣು ಸರಿಯಾಗೇ ಇದೆ."

"ತಪ್ಪಾಯ್ತು ಅಣ್ಣ," ಎಂದು ಪೆಚ್ಚುಮೋರೆ ಹಾಕಿಕೊಂಡು ಅವಳು ಮೆಟ್ಟಿಲು ಹತ್ತಿದಳು. ಗೊಣಗುತ್ತಲೇ ಪೈಪನ್ನು ಕಪಾಟಿಗೆ ಸೇರಿಸಲು ಹೋದವನ ಕಣ್ಣಿಗೆ ಬಾಣ ಬಿತ್ತು. ಅಕ್ಕಪಕ್ಕದ ಬಾಣಗಳೆಲ್ಲ ಬೇರೆ ಕೈಯವು. ಇದೊಂದು ತನ್ನ ಕೈಯದು, ಬಾಲ ಸೊಟ್ಟಗಿದೆ. ಆರು ವರ್ಷದ ಹಿಂದೆ ಅಂದಾಜಿನ ಮೇಲೆ ಬರೆದದ್ದು ನೆನಪಾಯಿತು. ಅವಳ ಹೆಜ್ಜೆಯ ಸದ್ದು ಇನ್ನೂ ಮೆಟ್ಟಿಲ ಮೇಲಿತ್ತು. ಕೂಗಬಹುದಿತ್ತು. ಕೂಗಲಿಲ್ಲ.

ಆಮೇಲೆ ಎರಡು ತಿಂಗಳು ಅವನಿಗೆ ಊಟ ಸೇರಲಿಲ್ಲ. ಲೆಕ್ಕದಮ್ಮನನ್ನು ಸಭೆಯಲ್ಲಿ ಎಲ್ಲರೂ ಆಡಿಕೊಂಡರಂತೆ, ಹೊರಗೆ ಬಂದು ಅತ್ತಳಂತೆ. ಅವಳು ಎದುರಾದರೆ ಇವನು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಒಂದು ಸಂಜೆ ಅಡುಗೆಮನೆಯಲ್ಲಿ ಬೋರಲಿದ್ದ ಲೋಟಗಳನ್ನು ನೋಡಿಯೂ ಸುಮ್ಮನೆ ಕೂತ. ಹೆಂಡತಿಗೆ ಗಾಬರಿ. "ಏನ್ರೀ, ಮೈಗೆ ಹುಷಾರಿಲ್ವಾ?"

ಬಾಯಿಬಿಟ್ಟ. ಕೇಳಿ ಅವಳು ಅವನ ಹತ್ತಿರ ಬಂದು ಕೂತಳು. "ಆ ಮಗು ನಿಮ್ಮ ಹತ್ರ ಬಂದು ತಪ್ಪಾಯ್ತು ಅಂದ್ಲಾ? ನಿಮಗೆ ನಾಚ್ಕೆ ಆಗಲಿಲ್ವಾ? ನಾಳೆನೇ ಹೋಗಿ ಹೇಳಿ."

ಆಗಿತ್ತು, ನಾಚಿಕೆಯಾಗಿಯೇ ಹೇಳಿರಲಿಲ್ಲ. ಅವಳು ಹೇಳಿದ ನಾಳೆಯೂ ಹತ್ತು ದಿನ ದೂರ ಹೋಯಿತು.

ಹನ್ನೊಂದನೆಯ ದಿನ ಲೆಕ್ಕದಮ್ಮನೇ ಸಿಹಿಯ ಡಬ್ಬಿ ಹಿಡಿದು ಓಡೋಡಿ ಬಂದಳು. "ಅಣ್ಣಾ, ಪಾಸಾಯ್ತು! ಮೋಡದ ಲೆಕ್ಕದಲ್ಲಿ ಒಂದೇ ಒಂದು ಅಂಕಿ ಬದಲಾಯಿಸಿದೆ, ಮೂರನೇ ಪೈಪಿಗೆ ಸರಿಯಾಗಿ ಕೂತ್ಬಿಡ್ತು. ಅಣೆಕಟ್ಟು ಕಟ್ಟೋರು ಮುಂದಿನ ಮಳೆ ಎಷ್ಟು ಅಂತ ಕೇಳಿದಾರೆ, ಇದೇ ಲೆಕ್ಕ ಕೊಡ್ತೀವಿ. ಮೊದಲ್ನೇ ಸಿಹಿ ನಿಮಗೇ. ನನಗೆ ಬುದ್ಧಿ ಕಲಿಸಿದ್ದು ನಿಮ್ಮ ಮಣ್ಣೇ!"

ಕೈಗೆತ್ತಿಕೊಂಡ ಸಿಹಿಯನ್ನು ಕೆಸರಪ್ಪ ಡಬ್ಬಿಗೇ ವಾಪಸಿಟ್ಟ. ಸರಿಯಾಗಿಯೇ ಇದ್ದಿರಬಹುದಾದ ಲೆಕ್ಕವನ್ನು ತನ್ನ ಸೊಟ್ಟ ಬಾಣಕ್ಕಾಗಿ ಬಗ್ಗಿಸಿಕೊಂಡು ಬಂದು, ಈ ಹುಡುಗಿ ತನ್ನನ್ನೇ ಹೊಗಳುತ್ತಿದ್ದಾಳೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎದ್ದು ಪೈಪು ತಂದು ಮೇಜಿನ ಮೇಲಿಟ್ಟ.

"ಈ ಬಾಣ ನಾನು ಬರೆದದ್ದು ತಾಯಿ. ಅಂದಾಜಲ್ಲಿ. ನೀವು ಕೇಳಿದ ದಿನಾನೇ ಗೊತ್ತಾಯ್ತು. ಹೇಳಲಿಲ್ಲ."

ಬೈಯಲಿ ಎಂದು ತಲೆ ತಗ್ಗಿಸಿ ನಿಂತ. ಅವಳು ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ನಾನೇನು ಕಡಿಮೆನಾ ಅಣ್ಣ? ಆ ಅಂಕಿ ಬದಲಾಯಿಸೋಕೆ ನನ್ನ ಹತ್ರ ಒಂದು ಕಾರಣಾನೂ ಇರ್ಲಿಲ್ಲ. ಹೊಂದ್ಕೊಳ್ತು ಅಂತ ಇಟ್ಕೊಂಡೆ. ಎಲ್ರೂ ಚಪ್ಪಾಳೆ ತಟ್ಟಿದ್ರು, ನಗ್ತಾ ನಿಂತ್ಕೊಂಡೆ."

ಆಮೇಲೆ ಅವಳು ಕಣ್ಣೊರೆಸಿಕೊಂಡಳು. "ಎರಡೂ ತುದಿಯಿಂದ ಕೆಸರಲ್ಲಿ ಹೂತಿರೋ ಎಲೆಚೂರು ತೆಗೆದು ವಯಸ್ಸು ಅಳೆಸೋಣ. ಇದೊಂದು ಪೈಪಲ್ಲಿ ಅಳೆಸಿರಲಿಲ್ಲ. ಹಳೇದು ಯಾವುದೋ ಅದೇ ತಳ. ನಾನು ಮೇಲೆ ಹೋಗಿ ಎಲ್ಲ ಹೇಳ್ತೀನಿ."

"ನಾನೂ ಬರ್ತೀನಿ ತಾಯಿ. ನನ್ನದು ನಾನೇ ಹೇಳ್ಬೇಕು."

ಹೊರಡುವ ಮುಂಚೆ ಕೆಸರಪ್ಪ ಒದ್ದೆ ಬಟ್ಟೆಯಿಂದ ಆ ಬಾಣವನ್ನು ಒರೆಸಿದ. ಪೆನ್ನು ತೆಗೆದು ಅದೇ ಜಾಗದಲ್ಲಿ ಬರೆದ: 'ಯಾವ ತುದಿ ಮೇಲಿನದೋ ಗೊತ್ತಿಲ್ಲ.' ಕೆಳಗೆ ತನ್ನ ಸಹಿ ಹಾಕಿದ. ಆರು ವರ್ಷದ ಹಿಂದೆ ಇಷ್ಟು ಬರೆದಿದ್ದರೆ ಸಾಕಾಗಿತ್ತು.