ಅಂಗಳದಲ್ಲಿ ವಿಮಾನ ಕಟ್ಟಿದ್ದು

ನಿವೃತ್ತನಾದ ಮೇಲೆ ಮನುಷ್ಯ ಏನು ಮಾಡಬೇಕು ಎಂಬ ಬಗ್ಗೆ ವಾಡಿಯಲ್ಲಿ ಎಲ್ಲರಿಗೂ ಖಚಿತ ಅಭಿಪ್ರಾಯವಿದೆ. ಬೆಳಿಗ್ಗೆ ಸ್ಟೇಷನ್ ತನಕ ನಡೆಯಬೇಕು, ಚಹಾ ಕುಡಿಯಬೇಕು, ಪೇಪರಿನಲ್ಲಿ ಇದ್ದುದನ್ನೆಲ್ಲ ಬೈಯಬೇಕು, ಮಧ್ಯಾಹ್ನ ಮಲಗಬೇಕು. ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಪುಡಿ ಜರಡಿ ಹಿಡಿದು ಮನೆಗೆ ಬಂದ ನಾನು ಇದರಲ್ಲಿ ಒಂದನ್ನೂ ಮಾಡಲಿಲ್ಲ. ಎರಡನೇ ಮಹಾಯುದ್ಧದ ಹರಿಕೇನ್ ಎಂಬ ವಿಮಾನ ಕಟ್ಟಲು ಕುಳಿತೆ. ನಿಜವಾದದ್ದಲ್ಲ, ಪ್ಲಾಸ್ಟಿಕ್ಕಿನದು. ನಿಜವಾದದ್ದರ ನಲವತ್ತೆಂಟನೇ ಒಂದು ಪಾಲು. ಮೂಗಿನಿಂದ ಬಾಲದವರೆಗೆ ಒಂದು ಗೇಣು.

ಪೆಟ್ಟಿಗೆಯಲ್ಲಿ ಬೇಕಾದದ್ದೆಲ್ಲ ಇರುತ್ತದೆ. ಬಿಡಿಸು, ಅಂಟಿಸು, ಬಣ್ಣ ಹಚ್ಚು, ಮುಗಿಯಿತು. ಆದರೆ ಈ ಹವ್ಯಾಸದಲ್ಲಿ ಸ್ವಲ್ಪ ಮುಂದೆ ಹೋದವರಿಗೆ ಪೆಟ್ಟಿಗೆಯಲ್ಲಿದ್ದುದನ್ನು ಹಾಗೇ ಬಳಸುವುದು ನಾಚಿಕೆಯ ವಿಷಯ. ಅಂಥವರಿಗಾಗಿ ಬೇರೆ ಯಾರೋ ಬೇರೆ ದೇಶದಲ್ಲಿ ಕುಳಿತು ಇನ್ನೂ ನಿಖರವಾದ ಬಿಡಿಭಾಗ ಮಾಡಿ ಮಾರುತ್ತಾರೆ. ಆಫ್ಟರ್‌ಮಾರ್ಕೆಟ್ ಅನ್ನುತ್ತಾರೆ ಅದಕ್ಕೆ. ನಾನು ಪೈಲಟ್ಟಿನ ಕುರ್ಚಿ ತರಿಸಿದೆ. ಕುರ್ಚಿಗೆ ಹಿತ್ತಾಳೆಯ ಬೆಲ್ಟು ತರಿಸಿದೆ. ಅದರ ಬಕಲ್ಲು ಸಾಸಿವೆ ಕಾಳಿಗಿಂತ ಚಿಕ್ಕದು. ಭಾರಕ್ಕೆ ತಳದಲ್ಲಿ ತುಸು ಚಪ್ಪಟೆಯಾದಂತೆ ಕಾಣುವ ಗಾಲಿ ತರಿಸಿದೆ. ಇಷ್ಟೆಲ್ಲ ಹಾಕಿ ಮೇಲಿನ ಮುಚ್ಚಳ ಅಂಟಿಸಿದರೆ ಒಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳುವುದಿಲ್ಲ ಎಂದು ಗೊತ್ತಿದ್ದೂ ಮಾಡುವವನೇ ನಿಜವಾದ ಹವ್ಯಾಸಿ ಎಂದು ನಾನು ಹೆಂಡತಿಗೆ ವಿವರಿಸಿದೆ.

“ಡಬ್ಬ್ಯಾಗ ಒಂದು ಕುರ್ಚಿ ಇತ್ತಲ್ಲರಿ, ಅದಕ್ಕೇನಾಗಿತ್ತು?” ಎಂದಳು.

“ಅದಕ್ಕ ಬೆಲ್ಟ್ ಇರಲಿಲ್ಲ.”

“ಸ್ಕೂಟರ್ ಮ್ಯಾಲ ಹೋಗೂಮುಂದ ನೀವು ಹೆಲ್ಮೆಟ್ ಹಾಕ್ಕೊಳ್ಳಂಗಿಲ್ಲ. ಇಲ್ಲದ ಮನಷ್ಯಾಗ ಬೆಲ್ಟ್ ಕಟ್ಟಾಕತ್ತೀರಿ.”

ಇದಕ್ಕೆ ನಾನು ಸಿಟ್ಟು ಮಾಡಿಕೊಂಡೆ. ಬಣ್ಣದ ವಾಸನೆಗೆ ತಲೆನೋವು ಬರುತ್ತದೆಂದು ಅವಳು ನನ್ನನ್ನೂ ನನ್ನ ಮೇಜನ್ನೂ ಅಂಗಳಕ್ಕೆ ಹಾಕಿದಳು. ಅಲ್ಲಿ ವಾಡಿಯ ಧೂಳು. ಬೇರೆ ಊರಿನ ಹವ್ಯಾಸಿಗಳು ವಿಮಾನ ಹಳೆಯದಾಗಿ ಕಾಣಲೆಂದು ಡಬ್ಬಿಯಲ್ಲಿ ಪುಡಿ ಕೊಂಡು ಬ್ರಷ್ಷಿನಿಂದ ಉದುರಿಸುತ್ತಾರೆ. ನನ್ನದರ ಹಸಿ ಬಣ್ಣದ ಮೇಲೆ ಅದು ತಾನಾಗಿ ಬಂದು ಕೂತಿತು, ಬೇಡವೆಂದರೂ.

ಅರ್ಧ ಮಿಲಿಮೀಟರ್ ತಪ್ಪಿದರೂ ನನ್ನ ಕಣ್ಣಿಗೆ ಬೀಳುತ್ತದೆ ಎಂದು ಜಂಬ ಕೊಚ್ಚುವವನು ನಾನು. ಹಾಗಾಗಿ ಬೀಳದೆ ಹೋದ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶವಾಯಿತು. ಆಮಂತ್ರಣ ಪತ್ರಿಕೆಯ ಕೆಳಗೆ ಸ್ವಾಗತ ಬಯಸುವವರ ಹೆಸರುಗಳಲ್ಲಿ ಅಪ್ಪನ ಹೆಸರು ದಪ್ಪಕ್ಷರದಲ್ಲಿತ್ತು, ಸೋದರಮಾವನದೂ ದಪ್ಪಕ್ಷರದಲ್ಲಿತ್ತು. ಅಪ್ಪನ ಒಬ್ಬನೇ ತಮ್ಮ, ದಂಡೋತಿಯಲ್ಲಿ ಹೊಲ ಮಾಡಿಕೊಂಡಿರುವ ನಮ್ಮ ಕಾಕಾನ ಹೆಸರು ಮಾತ್ರ ಸಣ್ಣಕ್ಷರದಲ್ಲಿ ಎಲ್ಲರಿಗಿಂತ ಕೆಳಗೆ ಬಿದ್ದಿತ್ತು. ಪ್ರೂಫ್ ನೋಡಲು ಸೇಡಂನ ಪ್ರೆಸ್ಸಿಗೆ ಹೋದವನು ನಾನೇ. ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಸರಿಯಾಗಿ ಬಿದ್ದಿದೆಯೇ ಎಂದು ಎರಡೆರಡು ಸಲ ನೋಡಿ ಸಹಿ ಹಾಕಿ ಬಂದಿದ್ದೆ.

ಕಾಕಾ ಗೃಹಪ್ರವೇಶಕ್ಕೆ ಬರಲಿಲ್ಲ. “ಅಣ್ಣ ಮನಿ ಕಟ್ಟಿದ, ನಾ ಸಣ್ಣಂವ ಆದೆ” ಎಂದು ಹೇಳಿಕಳಿಸಿದರು. ಅಪ್ಪನಿಗೆ ತಪ್ಪು ನನ್ನದೆಂದು ಗೊತ್ತಿತ್ತು. ಆದರೂ ಮಗನ ತಪ್ಪು ಎಂದು ತಮ್ಮನ ಮುಂದೆ ಹೇಳುವುದು ಅವರಿಂದ ಆಗಲಿಲ್ಲ. “ನಾ ಬೇಕಂತ ಮಾಡೀನಂತ ಅಂವಗ ಅನಸ್ತಂದ್ರ, ಅನಸಲಿ” ಎಂದು ಸುಮ್ಮನಾದರು. ನಾನೂ ಸುಮ್ಮನಾದೆ. ಮೊದಲು ಹೆದರಿಕೆಗೆ, ಆಮೇಲೆ ರೂಢಿಗೆ. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡದೆ ಹನ್ನೊಂದು ವರ್ಷ ಹೋದವು. ನನ್ನ ಹೆಂಡತಿ ಮತ್ತು ಕಾಕಾನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಇಬ್ಬರೂ ಗಂಡಸರಿಗೆ ಗೊತ್ತಾಗದಂತೆ ಫೋನಿನಲ್ಲಿ ಮಾತಾಡುತ್ತಿದ್ದರು. ನಮಗೆ ಗೊತ್ತಿತ್ತು.

ಹೋದ ಚಳಿಗಾಲದಲ್ಲಿ ಅಪ್ಪನಿಗೆ ಜ್ವರ ಬಂತು. ಎಂಬತ್ತಮೂರರ ಜೀವ, ಮೂರು ದಿನ ಸುಡುವ ಮೈ. ಕಣ್ಣು ಮುಚ್ಚಿಕೊಂಡೇ “ತಮ್ಮಾ, ತಮ್ಮಾ” ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಇಡುತ್ತಿದ್ದೆ. ಕಾಕಾನಿಗೆ ಫೋನ್ ಮಾಡಬೇಕೆಂದು ಎರಡು ಸಲ ಮೊಬೈಲ್ ತೆಗೆದೆ, ಎರಡು ಸಲ ಒಳಗಿಟ್ಟೆ. ಕುರ್ಚಿಗೆ ಬೆಲ್ಟು ತೊಡಿಸುವ ಧೈರ್ಯವಷ್ಟೇ ನನ್ನದು.

ನಾಲ್ಕನೆಯ ಬೆಳಿಗ್ಗೆ ಶಹಾಬಾದಿನ ಡಾಕ್ಟರ್ ಕೊಟ್ಟ ಗುಳಿಗೆ ಕೆಲಸ ಮಾಡಿತು. ಜ್ವರ ಬಿಟ್ಟಿತು. ಬಿಸಿಲು ಬೇಕೆಂದರು. ಅಂಗಳದಲ್ಲಿ ಗೋಡೆಯ ಬದಿಗೆ ಮಣೆ ಹಾಕಿ, ಬೆನ್ನಿಗೆ ದಿಂಬು ಕೊಟ್ಟು, ಶಾಲು ಹೊದಿಸಿ ಕೂಡಿಸಿದೆವು. ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು ಅಲ್ಲೇ ನಿದ್ದೆಹೋದರು. ನಾನು ಆಚೆ ಬದಿಯ ಮೇಜಿನಲ್ಲಿ ರೆಕ್ಕೆಗೆ ಬಣ್ಣ ಹಚ್ಚುತ್ತಿದ್ದೆ. ಅಷ್ಟರಲ್ಲಿ ಚಿಗವ್ವನ ಫೋನ್ ಬಂತು. ಭಾವನವರು ಹೇಗಿದ್ದಾರೆಂದು ಕೇಳಿದಳಂತೆ. ಹೆಂಡತಿ ಅಡುಗೆಮನೆಯಿಂದ ಹೇಳಿದ್ದು ನನಗೂ ಕೇಳಿಸಿತು.

“ಜ್ವರ ಪೂರಾ ಇಳದದರಿ,” ಎಂದಳು. ಆ ಮಾತು ಮುಚ್ಚಿಹೋಗುವಂತೆ ಸರಿಯಾಗಿ ಆಗಲೇ ಕುಕ್ಕರ್ ಸೀಟಿ ಹಾಕಿತು. ಸೀಟಿ ನಿಂತ ಮೇಲೆ ಮುಂದುವರಿಸಿದಳು, “ಮೈ ತಣ್ಣಗಾಗ್ಯದ. ಗ್ವಾಡಿಗಿ ಆನಿಸಿ ಕುಂದ್ರಿಸೀವಿ. ಇವರು ಅಂಗಳದಾಗ ವಿಮಾನ ಕಟ್ಟಾಕತ್ತಾರ.”

ಆ ಕಡೆಯಿಂದ ಏನೋ ಕೂಗಿದ ಹಾಗಾಗಿ ಫೋನ್ ಕಟ್ಟಾಯಿತು. ದಂಡೋತಿಯಲ್ಲಿ ಯಾವಾಗಲೂ ಹೀಗೇ, ರೇಂಜ್ ಸಿಗುವುದಿಲ್ಲ ಎಂದು ಹೆಂಡತಿ ಗೊಣಗಿದಳು.

ನಮ್ಮ ಕಡೆ ವಿಮಾನ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ. ಅಷ್ಟರಲ್ಲಿ ಅಂಗಳದಲ್ಲಿ ಬಿದಿರು ಬಿಗಿದು, ಬಾಳೆದಿಂಡು ನಿಲ್ಲಿಸಿ, ಬಣ್ಣದ ಕಾಗದದ ಪರಪರಿ ಅಂಟಿಸಿ ಒಂದು ಮಂಟಪ ಮಾಡುತ್ತಾರೆ. ಅದರಲ್ಲೇ ಕೂಡಿಸಿಕೊಂಡು ಹೆಗಲ ಮೇಲೆ ಒಯ್ಯುತ್ತಾರೆ. ಅದೇ ವಿಮಾನ. ಅದನ್ನು ಕಟ್ಟುವುದರಲ್ಲಿ ದಂಡೋತಿ ಸುತ್ತಮುತ್ತ ನಮ್ಮ ಕಾಕಾನನ್ನು ಮೀರಿಸಿದವರಿಲ್ಲ. ಇಷ್ಟು ಗೊತ್ತಿದ್ದೂ ನನಗಾಗಲಿ ಹೆಂಡತಿಗಾಗಲಿ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ಮನೆಯಲ್ಲಿ ಆರು ತಿಂಗಳಿಂದ ವಿಮಾನ ಅಂದರೆ ನನ್ನ ಮೇಜಿನ ಮೇಲಿನ ಕಸ ಎಂದಷ್ಟೇ ಅರ್ಥವಾಗಿತ್ತು.

ಒಂದೂವರೆ ಗಂಟೆಯ ಮೇಲೆ ಬಾಗಿಲ ಮುಂದೆ ಒಂದು ಟೆಂಪೊ ನಿಂತಿತು. ಕಾಕಾ ಇಳಿದರು. ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡ ಚಿಗವ್ವ, ಅವರ ಹಿಂದೆ ಊರಿನ ಇಬ್ಬರು. ಟೆಂಪೊದಲ್ಲಿ ಉದ್ದುದ್ದ ಬಿದಿರು, ಹಗ್ಗದ ಸುರುಳಿ, ಎರಡು ಬಾಳೆದಿಂಡು. ಕಾಕಾ ನನ್ನ ಕಡೆ ನೋಡಲೂ ಇಲ್ಲ. ಗೋಡೆಗೆ ಒರಗಿ ಕೂತಿದ್ದ ಅಪ್ಪನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಕಾಲ ಮೇಲೆ ಬಿದ್ದರು.

“ಅಣ್ಣಾ, ಒಂದು ಮಾತು ಹೇಳದ ಹೋದ್ಯಲ್ಲೋ! ಅಕ್ಷರ ಸಣ್ಣದಿತ್ತಂತ ನಾ ಹನ್ನೊಂದು ವರ್ಷ ಸಣ್ಣಂವಾಗಿ ಕುಂತ್ನಲ್ಲೋ!”

ಅಪ್ಪ ಕಣ್ಣು ಬಿಟ್ಟರು. ಕೊರಳಲ್ಲಿದ್ದುದನ್ನು ಎತ್ತಿ ನೋಡಿದರು.

“ಹಾರ ಯಾಕೋ ತಮ್ಮಾ? ಎಲೆಕ್ಷನ್ ಗೆದ್ದೀನೇನು?”

ಚಿಗವ್ವ ಚೀರಿದಳು. ಕಾಕಾ ಎರಡು ಹೆಜ್ಜೆ ಹಿಂದೆ ಹಾರಿದರು. ಊರಿನ ಇಬ್ಬರಲ್ಲಿ ಒಬ್ಬ ಆಗಲೇ ಟೆಂಪೊ ಹತ್ತಿದ್ದ. ಕಣ್ಣೀರು ಇನ್ನೂ ಒಣಗಿರಲಿಲ್ಲ, ಕಾಕಾನ ಸಿಟ್ಟು ಏರಿತು. “ವಿಮಾನ ಕಟ್ಟಾಕತ್ತಾರಂತ ಯಾವಾಕಿ ಹೇಳಿದಾಕಿ?” ಚಿಗವ್ವ ನನ್ನ ಹೆಂಡತಿಯನ್ನು ತೋರಿಸಿದಳು. ಹೆಂಡತಿ ನನ್ನನ್ನು ತೋರಿಸಿದಳು. ನಾನು ಬ್ರಷ್ ಹಿಡಿದ ಕೈಯಿಂದ ಮೇಜಿನ ಮೇಲಿದ್ದುದನ್ನು ತೋರಿಸಿದೆ.

ಕಾಕಾ ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಬಣ್ಣ ಹಸಿಯಿತ್ತು. ಆರು ತಿಂಗಳ ಕೆಲಸದ ಮೇಲೆ ಅವರ ಹೆಬ್ಬೆರಳಿನ ಗುರುತು ಬಿತ್ತು.

“ಎಷ್ಟು ಮಂದಿ ಕುಂದರ್ತಾರ ಇದರಾಗ?”

“ಒಬ್ಬರೇ ಕಾಕಾ.”

“ನಂದೂ ಒಬ್ಬರಿಗೇ,” ಎಂದರು. ಅದನ್ನು ತಿರುಗಿಸಿ ನೋಡಿ, “ಇದು ಹೋದ ಮ್ಯಾಲ ತಿರುಗಿ ಬರ್ತಿತ್ತೇನು?”

“ಕೆಲವು ಬರ್ತಿದ್ದವು.”

ಅಪ್ಪ ಹಾರ ತೆಗೆಯಲಿಲ್ಲ. ಕೊರಳಲ್ಲಿ ಅದನ್ನು ಹಾಕಿಕೊಂಡೇ ಗಂಜಿ ಕುಡಿದರು. ಟೆಂಪೊ ಕಡೆ ಕುತ್ತಿಗೆ ಚಾಚಿ, “ಬಿದಿರು ಛಲೋ ಅವ. ಎಷ್ಟು ತಂದಿ?” ಎಂದು ಕೇಳಿದರು. “ಆರು,” ಎಂದರು ಕಾಕಾ. “ನಂಗ ನಾಕು ಸಾಕಾಗ್ತಿದ್ದವು ಬಿಡು,” ಎಂದರು ಅಪ್ಪ. ಹನ್ನೊಂದು ವರ್ಷದ ಜಗಳ ಇಷ್ಟರಲ್ಲಿ ಮುಗಿಯಿತೋ ಇಲ್ಲವೋ ಯಾರೂ ಕೇಳಲಿಲ್ಲ. ಹೆಂಡತಿ ಅಂದು ಇಡೀ ಮಧ್ಯಾಹ್ನ ಫೋನ್ ಹಿಡಿದು, ಚಿಗವ್ವನಿಂದ ಸಾವಿನ ಸುದ್ದಿ ಕೇಳಿ ಹೊರಟಿದ್ದವರನ್ನು ತಿರುಗಿ ಕಳಿಸಿದಳು. ಕಾಳಗಿಯವರು ಬಸ್‌ಸ್ಟ್ಯಾಂಡಿನಿಂದಲೇ ಮರಳಿದರು. ಚಿಂಚೋಳಿಯ ಬೀಗರು ಅರ್ಧ ದಾರಿ ಬಂದಿದ್ದರು. ಬಂದೇ ಬಂದೆವಲ್ಲ ಎಂದು ಮನೆಗೆ ಬಂದು ಊಟ ಮಾಡಿಕೊಂಡು ಹೋದರು. ಅಪ್ಪ ಬದುಕಿದ್ದಾರೆಂದು ಅವರಿಗೆ ಸಂತೋಷವೇ ಆಗಿತ್ತು, ರಜೆ ಹಾಕಿದ್ದು ಮಾತ್ರ ದಂಡವಾಯಿತು ಎಂದರು.

ಮರುವಾರ ಕಾಕಾ ತಾವಾಗಿಯೇ ಬಂದರು. ಅಣ್ಣನನ್ನು ನೋಡಲು ಬಂದೆ ಎಂದು ಹೇಳಿದರೆ ಮರ್ಯಾದೆ ಹೋಗುತ್ತದಲ್ಲ, “ವಿಮಾನ ಎಲ್ಲೀಗಿ ಬಂತು ನೋಡೂಣಂತ ಬಂದೆ” ಎಂದರು. ಅದರ ಮರುವಾರವೂ ಬಂದರು. ಅಣ್ಣ ತಮ್ಮ ನನ್ನ ಮೇಜಿನ ಎರಡೂ ಬದಿಗೆ ಕುರ್ಚಿ ಹಾಕಿಕೊಂಡು ತೊಗರಿಯ ಬಗ್ಗೆ, ಕಾಗಿಣಾ ಹೊಳೆಯ ನೀರಿನ ಬಗ್ಗೆ, ಸತ್ತುಹೋದ ಎತ್ತುಗಳ ಬಗ್ಗೆ ಮಾತಾಡುವರು. ಮಧ್ಯೆ ನನ್ನ ಕೆಲಸದಲ್ಲಿ ತಪ್ಪು ಹುಡುಕಿ ಹೆಸರಿಡುವರು. ವಿಮಾನದ ಬೆನ್ನಿನ ಕಂಬದಿಂದ ಬಾಲದ ತುದಿಗೆ ರೇಡಿಯೊ ತಂತಿ ಎಳೆಯಬೇಕಿತ್ತು, ಕೂದಲಿಗಿಂತ ತೆಳುವಾದ ದಾರ. ನನ್ನಿಂದ ಮೂರು ಸಲ ಹರಿಯಿತು. ಕಾಕಾ ನನ್ನ ಕೈಯಿಂದ ಇಕ್ಕಳ ಕಸಿದುಕೊಂಡು ಒಂದೇ ಸಲಕ್ಕೆ ಗಂಟು ಹಾಕಿದರು. ಬಿದಿರಿಗೆ ಹಾಕುವ ಗಂಟೇ ಅಂತೆ.

ಅದೇ ದಿನ, ಅಪ್ಪ ಒಳಗೆ ಹೋದಾಗ, ಪತ್ರಿಕೆಯ ಪ್ರೂಫ್ ನೋಡಿದವನು ನಾನು ಎಂದು ಕಾಕಾನಿಗೆ ಹೇಳಿಬಿಟ್ಟೆ.

“ನಂಗ ಅವತ್ತೇ ಗೊತ್ತಿತ್ತು,” ಎಂದರು ಕಾಕಾ, ತಂತಿಯಿಂದ ಕಣ್ಣು ತೆಗೆಯದೆ. “ಅಂವ ಬಂದು ಕರೀತಾನಂತ ನಾ ಕುಂತಿದ್ದೆ, ನಾ ಬಂದು ಕೇಳ್ತೀನಂತ ಅಂವ ಕುಂತಿದ್ದ. ನೀ ಒಂದು ನೆವ ಆದಿ ಅಷ್ಟೇ.”

ಹನ್ನೊಂದು ವರ್ಷ ಹೊತ್ತುಕೊಂಡಿದ್ದ ತಪ್ಪಿಗೆ ಇಷ್ಟೇ ಬೆಲೆ ಎಂದು ತಿಳಿದು ನನಗೆ ಹಗುರವೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ಕೊನೆಗೆ ಉಳಿದದ್ದು ಮೂಗಿನ ಪಂಖಾ. ಪೆಟ್ಟಿಗೆಯಲ್ಲಿದ್ದ ಪಂಖಾದ ಎಲೆಗಳ ಆಕಾರ ಸರಿಯಿಲ್ಲವೆಂದು ಮೊದಲೇ ಎಸೆದಿದ್ದೆ. ಹೊರದೇಶದಿಂದ ತರಿಸಿದ್ದು ಎರಡು ತಿಂಗಳ ಮೇಲೆ ಕೊರಿಯರಿನಲ್ಲಿ ಬಂತು. ಮೂರೆಲೆಯ ಚೆಂದದ ಪಂಖಾ. ಕಾಕಾ ಬಂದ ದಿನವೇ ಬಂದದ್ದರಿಂದ ಪೊಟ್ಟಣ ಬಿಚ್ಚಿ ಅಣ್ಣ ತಮ್ಮ ಇಬ್ಬರ ಮುಂದೆಯೂ ಹಿಡಿದೆ.

“ಇದೊಂದು ಕೂಡ್ಸಿದ್ರ ಮುಗೀತು ಕಾಕಾ. ಮುಂದಿನ ವಾರಕ್ಕ ಶೋಕೇಸಿನಾಗ ಇರ್ತದ.”

ಕಾಕಾ “ಹೌದಾ” ಎಂದು ಚಹಾ ಕುಡಿದರು. ಅಪ್ಪ ಕನ್ನಡಕ ಏರಿಸಿಕೊಂಡು ಪಂಖಾ ನೋಡಿದರು.

ಮರುದಿನ ನೋಡಿದರೆ ಪೊಟ್ಟಣ ಖಾಲಿ. ಮೇಜಿನ ಕೆಳಗೆ ಮೊಣಕಾಲೂರಿ ಹುಡುಕಿದೆ. ಕಸದ ಬುಟ್ಟಿ ಅಂಗಳಕ್ಕೆ ಸುರಿದೆ. ಪೊರಕೆ ಆಡಿಸಿದ್ದಕ್ಕೆ ಹೆಂಡತಿಯ ಮೇಲೆ ಕೂಗಾಡಿ, ಅವಳು ಅಂದು ಪೊರಕೆಯನ್ನೇ ಮುಟ್ಟಿರಲಿಲ್ಲವೆಂದು ತಿಳಿದು, ಬೆಕ್ಕಿನ ಮೇಲೆ ಕೂಗಾಡಿದೆ. ಎರಡು ದಿನ ಮನೆಯಲ್ಲಿ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ಅಪ್ಪನಂತೂ ಬಿಸಿಲಿಗೆ ಕೂತು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. “ಅಲ್ಲಿ ನೋಡು, ತುಳಸಿ ಕಟ್ಟಿ ಹಿಂದ,” ಎಂದು ಸಲಹೆಯನ್ನೂ ಕೊಟ್ಟರು.

ಮೂರನೆಯ ದಿನ ಅವರ ಕನ್ನಡಕದ ಸ್ಕ್ರೂ ಸಡಿಲಾಗಿದೆಯೆಂದು ಬಿಗಿಸಿಕೊಂಡು ಬರಲು ಹೊರಟೆ. ದಾರಿಯಲ್ಲಿ ಗೀರು ಬಿದ್ದೀತೆಂದು ಅವರ ತಲೆದಿಂಬಿನ ಬದಿಯಿಂದ ಕನ್ನಡಕದ ಡಬ್ಬಿ ತೆಗೆದುಕೊಂಡು ಬಿಚ್ಚಿದೆ. ಒಳಗೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಮೂರೆಲೆಯ ಪಂಖಾ ಇತ್ತು. ಒಂದು ಎಲೆಯೂ ಮುರಿದಿರಲಿಲ್ಲ.

ಹಿಂದೆ ತಿರುಗಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಸಿಕ್ಕಿಬಿದ್ದವರ ಮುಖವಲ್ಲ. ಸಿಟ್ಟಿನ ಮುಖ, ನಾನೇ ಏನೋ ಕದ್ದವನ ಹಾಗೆ.

“ಅದು ಮುಗದ್ರ,” ಎಂದರು, “ಅಂವ ಯಾಕ ಬರ್ತಾನ?”

ನಾನು ಪಂಖಾವನ್ನು ಇದ್ದ ಹಾಗೇ ಬಟ್ಟೆಯಲ್ಲಿ ಸುತ್ತಿ, ಡಬ್ಬಿ ಮುಚ್ಚಿ ಅವರ ಕೈಗೆ ಕೊಟ್ಟೆ. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಅಂಗಳಕ್ಕೆ ಬಂದು ದಂಡೋತಿಗೆ ಫೋನ್ ಹಚ್ಚಿದೆ.

“ಕಾಕಾ, ಪಂಖಾ ಕಳದದ. ಎಲ್ಲಾ ಕಡೆ ನೋಡೀನಿ, ಸಿಗವಲ್ದು. ನೀವು ಬಂದು ಒಂದೀಟು ಹುಡುಕಿ ಕೊಡಬೇಕು.”

ಕಾಕಾ ಮೆಲ್ಲಗೆ ಹೇಳಿದರು.

“ಗಡಿಬಿಡಿ ಮಾಡಬ್ಯಾಡ. ವಾರಾ ವಾರಾ ಬರ್ತೀನಿ, ನಿಧಾನ ಹುಡುಕೂಣಂತ.”