ಮುರಕ್ಕಬಾತಿನ ಏಜೆಂಟ್ ದೇಜಪ್ಪಣ್ಣ
ಕೊಲ್ಲಿ ದೇಶದ ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ ಆಫೀಸಿಟ್ಟಿದ್ದ ಫ್ಲ್ಯಾಟ್ ಏಜೆಂಟ್ ದೇಜಪ್ಪಣ್ಣ ಗಿರಾಕಿಗಳನ್ನು ಬರೀ ಮರಳಿನ ಮೇಲೆ ನಿಲ್ಲಿಸಿ, "ಇದು ನಿಮ್ಮ ದೇವರಕೋಣೆ ಮಾರಾಯ್ರೆ, ಚಪ್ಪಲಿ ತೆಗೀರಿ" ಎನ್ನುತ್ತಿದ್ದ. ಕಟ್ಟಡ ನಕ್ಷೆಯಲ್ಲಿದ್ದಾಗಲೇ ಮಹಡಿಗಟ್ಟಲೆ ಬುಕ್ ಮಾಡುತ್ತಿದ್ದವನು ಸಗಟು ವ್ಯಾಪಾರಿ ನಾದಿರ್. ಆ ಫ್ಲ್ಯಾಟುಗಳನ್ನು ಊರಿನವರಿಗೆ ಒಂದೊಂದಾಗಿ ದಾಟಿಸುತ್ತಿದ್ದವನು ದೇಜಪ್ಪಣ್ಣ. ಲಾಭದಲ್ಲಿ ಇಬ್ಬರಿಗೂ ಸಮಪಾಲು. 2008ರ ಕೊನೆಗೆ ಮಾರುಕಟ್ಟೆ ಕುಸಿದು ಕಟ್ಟಡಗಳ ಕೆಲಸ ನಿಂತಿತು, ಗಿರಾಕಿಗಳು ಕಟ್ಟಿದ ಹಣ ಮುಳುಗಿತು, ನಾದಿರ್ ದೇಶ ಬಿಟ್ಟು ಹೋದ. ಉಳಿದ ಏಜೆಂಟರು ಫೋನ್ ನಂಬರ್ ಬದಲಿಸಿದರು; ದೇಜಪ್ಪಣ್ಣ ಮಾತ್ರ ಪ್ರತಿ ಕರೆಗೂ "ಹೌದು, ನಾನೇ ಕೊಡಿಸಿದ್ದು" ಎಂದು ಬೈಗುಳ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ, ಹಾಗೆ ಹಣ ಕಟ್ಟಿಯೂ ಮನೆ ಸಿಗದ ನರ್ಸ್ ವಸಂತಿ ಆಫೀಸಿಗೇ ಬಂದು, "ನಿಮ್ಮ ಮನೆಯವರಿಗಾದ್ರೆ ಇಂಥದ್ದು ಕೊಡಿಸ್ತಿದ್ರಾ?" ಎಂದು ಕೇಳಿದಳು. "ಮೊದಲ ಫ್ಲ್ಯಾಟು ತಂಗಿಗೇ ಕೊಡಿಸಿದ್ದು," ಎಂದ ದೇಜಪ್ಪಣ್ಣ. "ನೀವೆಲ್ಲ ಬೈತೀರಿ. ಅವಳು ಮಾತೇ ಆಡ್ತಿಲ್ಲ."